‘ಹಾಂ?’ ಎಂದರೆ ಸಿಟ್ಟಾಗಬೇಡಿ

ಗಣಪತಿ ಹಬ್ಬದಲ್ಲಿ ರಸಮಂಜರಿ ನೋಡಲು ಹೋಗಿದ್ದೀರಾ? ಮಕ್ಕಳಿಗೆ ಗಿರ್ಮಿಟ್ ಕೊಡಿಸಿ, ಕುರ್ಚಿ ಹಿಡಿದು, ಹಾಡು ಕೇಳಿ, ಚಪ್ಪಾಳೆ ತಟ್ಟಿ ಮನೆಗೆ ಬಂದಿರುತ್ತೀರಿ. ನೀವು ಬಾಗಿಲ ಚಿಲಕ ಹಾಕುವ ಹೊತ್ತಿಗೆ ಅಲ್ಲಿ ಕೆಲವರ ಅರ್ಧ ಕೆಲಸ ಬಾಕಿಯೇ ಇರುತ್ತದೆ. ವೈರ್ ಸುತ್ತಬೇಕು, ಸ್ಪೀಕರ್ ಇಳಿಸಬೇಕು, ಲೈಟ್ ಬಿಚ್ಚಬೇಕು, ಎಲ್ಲವನ್ನೂ ಲಾರಿಗೆ ತುಂಬಿ ಬೆಳಗಾಗುವುದರೊಳಗೆ ಇನ್ನೊಂದು ಊರು ಸೇರಬೇಕು. ಅಂಥವರಲ್ಲಿ ನಮ್ಮ ಮನೆಯವರೂ ಒಬ್ಬರು. ಹುಬ್ಬಳ್ಳಿಯಿಂದ ಊರೂರಿಗೆ ಹೋಗುವ ಸೌಂಡ್ ಸಿಸ್ಟಮ್‌ನವರು.

ಚೌತಿಯಿಂದ ಶುರುವಾದರೆ ದಸರಾ, ಅಕ್ಟೋಬರ್ 23ರ ಸುಮಾರಿಗೆ ಕಿತ್ತೂರು ಉತ್ಸವ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಆಮೇಲೆ ಜಾತ್ರೆಗಳ ಸಾಲು. ಎಲ್ಲರ ಮನೆಯಲ್ಲಿ ಹಬ್ಬವಾದರೆ ನಮ್ಮ ಮನೆಯಲ್ಲಿ ಸೀಸನ್!

ಈ ಅವಳಿ ನಗರಕ್ಕೆ ಕಛೇರಿಗಾಗಿ ಊರೂರು ಸುತ್ತುವುದು ಹೊಸದೇನಲ್ಲ. ನಮ್ಮ ಗಂಗೂಬಾಯಿ ಹಾನಗಲ್ಲರನ್ನೇ ನೋಡಿ. ಮಗಳು ಕೃಷ್ಣಾ ವರ್ಷಗಟ್ಟಲೆ ತಾಯಿಯ ಜೊತೆ ಪ್ರಯಾಣ ಮಾಡಿ, ಹಿಂದೆ ಕುಳಿತು ದನಿಗೂಡಿಸಿದರು. 2004ರಲ್ಲಿ ಆ ಮಗಳೇ ಮೊದಲು ತೀರಿಕೊಂಡರು. ಅವರಿಗೆ ಮನೆಯವರು ಜೊತೆಗೇ ಇದ್ದರು. ನಮ್ಮಂಥವರಿಗೆ ಆ ಭಾಗ್ಯವಿಲ್ಲ. ಅವರು ದಾರಿಯಲ್ಲಿ, ನಾವು ಮನೆಯಲ್ಲಿ.

ಹೋದ ವರ್ಷ ಸೀಸನ್ ಮುಗಿಸಿ ಬಂದವರು ನಾನು ಏನು ಹೇಳಿದರೂ ‘ಹಾಂ?’ ಅನ್ನತೊಡಗಿದರು. ಎರಡನೇ ಸಲ ಹೇಳಿದರೆ ‘ಹೂಂ’ ಅಂತ ತಲೆಯಾಡಿಸಿ ಸುಮ್ಮನಾಗುವರು. ಹೇಳಿದ ಕೆಲಸ ಮಾತ್ರ ಆಗಿರುತ್ತಿರಲಿಲ್ಲ. ಟಿ.ವಿ. ಸದ್ದಂತೂ ಪಕ್ಕದ ಮನೆಗೂ ಕೇಳುವಷ್ಟು. ‘ಊರೆಲ್ಲಾ ತಿರುಗಿ ಬಂದವರಿಗೆ ನನ್ನ ಮಾತಿಗೆಲ್ಲಿ ಬೆಲೆ’ ಎಂದು ನನಗೆ ಒಳಗೊಳಗೇ ಸಿಟ್ಟು. ಎರಡು ದಿನ ಮಾತು ಬಿಟ್ಟಿದ್ದೂ ಉಂಟು. ಒಂದು ದಿನ ಮಗಳು ಅವರ ಕಿವಿಯಲ್ಲಿ ಏನೋ ಗುಟ್ಟು ಹೇಳಿದಳು. ಇವರು ಸುಮ್ಮನೆ ನಕ್ಕರು. ಅವಳು ನನ್ನ ಹತ್ತಿರ ಬಂದು, “ಅವ್ವಾ, ಪಪ್ಪಾಗ ನಾ ಹೇಳೂದು ಕೇಳಸೂದಿಲ್ಲೇನ?” ಅಂದಳು. ಎದೆ ಧಸಕ್ಕೆಂದಿತು.

ಮರುದಿನವೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಡಿಯೋಮೆಟ್ರಿ ಪರೀಕ್ಷೆ ಮಾಡಿದರು. ದೊಡ್ಡ ಸದ್ದಿನಿಂದ ಕಿವಿ ಕೆಟ್ಟರೆ ಮೊದಲು ಹೋಗುವುದು ತಾರದ ದನಿಗಳಂತೆ. ಹೀಗಾಗಿ ಹೆಂಗಸರ, ಮಕ್ಕಳ ಮಾತೇ ಮೊದಲು ಅಸ್ಪಷ್ಟವಾಗುತ್ತದೆ! ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. “ಹೋದದ್ದು ಬರೂದಿಲ್ರೀ, ಇದ್ದದ್ದನ್ನ ಉಳಿಸ್ಕೊಳ್ರಿ” ಅಂದರು ಡಾಕ್ಟರು. ಇಷ್ಟು ದಿನ ನಾನು ಸಿಟ್ಟಾಗಿದ್ದು ಯಾರ ಮೇಲೆ?

ನಿಮ್ಮ ಮನೆಯಲ್ಲೂ ಇಂಥ ಕೆಲಸದವರಿದ್ದರೆ ನಾನು ಕಲಿತ ನಾಲ್ಕು ಮಾತು ಕೇಳಿ.

ಕಿವಿ ಮೊದಲು: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಎನ್ನುತ್ತಾರೆ ತಜ್ಞರು. ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಈ ಸಮಯ ಅರ್ಧ ಕಡಿಮೆ. 100 ಡೆಸಿಬಲ್‌ಗೆ ಬರೀ 15 ನಿಮಿಷ! ಹತ್ತಿ ತುರುಕಿದರೆ ಸಾಲದು. ಮೆತ್ತನೆಯ ಇಯರ್ ಪ್ಲಗ್ ಬೇಕು. “ಅದನ್ನ ಹಾಕ್ಕೊಂಡ್ರ ಮಿಕ್ಸಿಂಗ್ ಹೆಂಗ ಮಾಡ್ಲಿ?” ಅಂತ ಇವರ ತಕರಾರು. ಎಲ್ಲ ಸ್ವರಗಳನ್ನೂ ಸರಿಸುಮಾರು ಒಂದೇ ಸಮ ತಗ್ಗಿಸುವ, ಸಂಗೀತದವರಿಗೆಂದೇ ಮಾಡಿದ ಪ್ಲಗ್‌ಗಳೂ ಇವೆ. ರೇಟು ಸ್ವಲ್ಪ ಜಾಸ್ತಿ, ಆದರೆ ಕಿವಿಗಿಂತ ದುಬಾರಿಯೇ? ಕಾರ್ಯಕ್ರಮದ ನಂತರ ಕಿವಿಯಲ್ಲಿ ‘ಗುಂಯ್’ ಅಂದರೆ ಅದು ಎಚ್ಚರಿಕೆ. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ.

ನಿದ್ದೆಗೆ ಅಡ್ಡಿ ಬೇಡ: ರಾತ್ರಿಯೆಲ್ಲ ದಾರಿಯಲ್ಲಿದ್ದವರು ಹಗಲು ಮಲಗಲೇಬೇಕು. ಕಿಟಕಿಗೆ ದಪ್ಪ ಪರದೆ ಹಾಕಿ. ಮಿಕ್ಸಿ ಕೆಲಸ ಮೊದಲೇ ಮುಗಿಸಿ. ಬಂದ ಕೂಡಲೇ ಸ್ಕೂಲ್ ಫೀಸು, ಅತ್ತೆ-ಮಾವನ ಔಷಧಿ ಅಂತ ಲಿಸ್ಟ್ ಹಿಡಿಯಬೇಡಿ. ಸಂಜೆ ಚಹಾದ ಜೊತೆ ಹೇಳಿದರೂ ನಡೆಯುತ್ತದೆ. ರಾತ್ರಿ ಗಾಡಿ ಹೊಡೆಯುವವನ ನಿದ್ದೆ ಗಾಡಿಯಲ್ಲಿರುವ ಎಲ್ಲರ ಜೀವದ ಪ್ರಶ್ನೆ.

ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ. ವಾರಗಟ್ಟಲೆ ಕೆಡದ ಇಂಥ ಬುತ್ತಿ ಇರುವಾಗ ನಡುರಾತ್ರಿಯ ಎಣ್ಣೆ ತಿಂಡಿ ಯಾಕೆ?

ಸೀಸನ್ ದುಡ್ಡು: ಬಂದಾಗ ಕೈತುಂಬ, ಆಷಾಢದಲ್ಲಿ ಬರಿಗೈ. 2020ರ ಲಾಕ್‌ಡೌನ್‌ನಲ್ಲಿ ಒಂದೂ ಕಾರ್ಯಕ್ರಮವಿಲ್ಲದೆ ಕುಳಿತಾಗ ನನ್ನ ಹತ್ತಿರವಿದ್ದ ಸಣ್ಣ ಆರ್‌.ಡಿ.ಯೇ ಒಲೆ ಉರಿಸಿತು. ಅಂದಿನಿಂದ ಪ್ರತಿ ಕಾರ್ಯಕ್ರಮದ ದುಡ್ಡಿನಲ್ಲಿ ಒಂದು ಪಾಲು ಮೊದಲು ಬ್ಯಾಂಕಿಗೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಜೀವ ಹೋದರೆ 2 ಲಕ್ಷದ ರಕ್ಷಣೆ. ಬ್ಯಾಂಕಿನಲ್ಲೇ ಮಾಡಿಸಬಹುದು. ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿಯನ್ನೂ ವಿಚಾರಿಸಿ.

‘ನಮ್ಮ ಮನೆಯಲ್ಲಿ ಇಂಥವರಿಲ್ಲವಲ್ಲ’ ಅನ್ನುತ್ತೀರಾ? ನೀವು ಮಕ್ಕಳನ್ನು ಕಾರ್ಯಕ್ರಮಕ್ಕೆ ಕರೆದೊಯ್ಯುತ್ತೀರಲ್ಲ! ಸ್ಪೀಕರ್‌ನಿಂದ ದೂರ ಕೂರಿಸಿ. ಸದಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುವ ಮಗನಿಗೂ ಸ್ವಲ್ಪ ಹೇಳಿ.

ಈಗ ನಾನು ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟಿದ್ದೇನೆ. ಎದುರಿಗೆ ನಿಂತು, ಮುಖ ನೋಡಿ, ನಿಧಾನವಾಗಿ ಹೇಳುತ್ತೇನೆ. ಮಗಳೂ ಹಾಗೆಯೇ. ಇವರ ಬುತ್ತಿ ಚೀಲದಲ್ಲಿ ರೊಟ್ಟಿ ಡಬ್ಬಿಯ ಪಕ್ಕದಲ್ಲೇ ಪ್ಲಗ್‌ನ ಪುಟ್ಟ ಡಬ್ಬಿಯೂ ಹೋಗುತ್ತದೆ. ನಮ್ಮ ಮನೆಯ ಅರ್ಧ ಜಗಳ ಅಲ್ಲಿಗೇ ಮುಗಿದಿದೆ.

ನಿಮ್ಮವರೂ ಮಾತುಮಾತಿಗೆ ‘ಹಾಂ?’ ಅನ್ನುತ್ತಿದ್ದರೆ ಸಿಟ್ಟಾಗುವ ಮೊದಲು ಒಮ್ಮೆ ಕಿವಿ ತೋರಿಸಿ. ಏನಂತೀರಿ?