ಸಲಿಂಗಾಸಕ್ತ ಮಹಿಳೆಯರ ತೂಕ ನಿಯಂತ್ರಣಕ್ಕೆ ಗುಂಪು ಬೆಂಬಲ

1. ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದ 2002ನೇ ಸಾಲಿನ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಲಿಂಗಾಸಕ್ತ (ಲೆಸ್ಬಿಯನ್) ಮಹಿಳೆಯರಲ್ಲಿ ಅಧಿಕ ತೂಕ ಮತ್ತು ಬೊಜ್ಜಿನ ಸಂಭವವು ಇತರ ಮಹಿಳೆಯರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿರುತ್ತದೆ. ಅಧಿಕ ತೂಕದಿಂದ ರಕ್ತದೊತ್ತಡ, ಮಧುಮೇಹ ಹಾಗೂ ಹೃದ್ರೋಗಗಳ ಅಪಾಯ ಹೆಚ್ಚುತ್ತದೆ. ಅವಹೇಳನದ ಭಯದಿಂದ ವೈದ್ಯರ ಭೇಟಿಯನ್ನು ಮುಂದೂಡಿದಲ್ಲಿ ಇವು ತಡವಾಗಿ ಪತ್ತೆಯಾಗುವ ಸಂಭವವಿರುತ್ತದೆ.

2. ಪ್ರತ್ಯೇಕ ಗುಂಪು ಏಕೆ?

ಸಾಮಾನ್ಯ ತೂಕ ಇಳಿಕೆ ತರಗತಿಗಳಲ್ಲಿ ಮಾತು ಹೆಚ್ಚಾಗಿ ಪತಿ, ಮದುವೆ ಹಾಗೂ ಹೆರಿಗೆಯ ಸುತ್ತ ನಡೆಯುತ್ತದೆ. ತನ್ನ ಸಂಗಾತಿಯೂ ಮಹಿಳೆಯೆಂಬುದನ್ನು ಮುಚ್ಚಿಡಬೇಕಾದವರು, ಮನೆಯಲ್ಲಿ ಅಡುಗೆ ಮಾಡುವವರು ಯಾರು, ರಾತ್ರಿಯ ಊಟ ಯಾರೊಡನೆ ಎಂಬುದನ್ನೂ ಹೇಳಲಾರರು. ಇಷ್ಟನ್ನು ತಿಳಿಸದೆ ಆಹಾರ ಪದ್ಧತಿಯ ಬಗ್ಗೆ ಉಪಯುಕ್ತ ಸಲಹೆ ಪಡೆಯುವುದು ಕಷ್ಟ. ಮುಚ್ಚಿಡುವ ಅಗತ್ಯವಿಲ್ಲದಿರುವುದೇ ಪ್ರತ್ಯೇಕ ಗುಂಪಿನ ಮುಖ್ಯ ಪ್ರಯೋಜನವಾಗಿರುತ್ತದೆ.

3. ಅಮೆರಿಕದ ಅನುಭವ

ಆ ದೇಶದ ಆರೋಗ್ಯ ಇಲಾಖೆಯ ಮಹಿಳಾ ಆರೋಗ್ಯ ಕಚೇರಿಯು 2012ರಲ್ಲಿ ಈ ಉದ್ದೇಶಕ್ಕಾಗಿ ಐದು ಕಾರ್ಯಕ್ರಮಗಳಿಗೆ ಅನುದಾನ ನೀಡಿತು. ಸ್ಯಾನ್ ಫ್ರಾನ್ಸಿಸ್ಕೋ, ಸೇಂಟ್ ಲೂಯಿಸ್, ವಾಷಿಂಗ್ಟನ್ ಸೇರಿದಂತೆ 10 ನಗರಗಳಲ್ಲಿ, 40 ವರ್ಷ ಮತ್ತು ಮೇಲ್ಪಟ್ಟ ಸಲಿಂಗಾಸಕ್ತ ಹಾಗೂ ದ್ವಿಲಿಂಗಾಸಕ್ತ ಮಹಿಳೆಯರಿಗಾಗಿ 12 ಅಥವಾ 16 ವಾರಗಳ ಗುಂಪು ಸಭೆಗಳು ನಡೆದವು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಭಾಗವಹಿಸಿದವರ ಪೈಕಿ ಬಹುತೇಕರು ವ್ಯಾಯಾಮ, ಆಹಾರ ಅಥವಾ ತೂಕಕ್ಕೆ ಸಂಬಂಧಿಸಿದ ಕನಿಷ್ಠ ಒಂದು ಗುರಿಯನ್ನು ಸಾಧಿಸಿದ್ದರು.

4. ಇಂತಹ ಗುಂಪಿಗೆ ಉಪಯುಕ್ತವಾದ ಕ್ರಮಗಳು

ಅ) ವಾರಕ್ಕೊಮ್ಮೆ ನಿಗದಿತ ವೇಳೆಯಲ್ಲಿ ಸೇರುವುದು, ಸಂಗಾತಿಯನ್ನೂ ಆಹ್ವಾನಿಸುವುದು.
ಆ) ಸದಸ್ಯರ ಹೆಸರು, ವಿವರಗಳನ್ನು ಹೊರಗೆ ತಿಳಿಸದಿರುವುದು.
ಇ) ಎಲ್ಲರ ಮುಂದೆ ತೂಕ ನೋಡದಿರುವುದು, ಯಾರ ದೇಹವನ್ನೂ ಟೀಕಿಸದಿರುವುದು.
ಈ) ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆಯ ಗುರಿಯನ್ನು ಹಂತ ಹಂತವಾಗಿ ತಲುಪುವುದು.
ಉ) ಸಿಹಿ ಪಾನೀಯ ಹಾಗೂ ಮದ್ಯವನ್ನು ಕಡಿಮೆ ಮಾಡಿ, ತರಕಾರಿಯನ್ನು ಹೆಚ್ಚಿಸುವುದು.

5. ಎಷ್ಟು ಇಳಿದರೆ ಸಾಕು?

ತೂಕದಲ್ಲಿ ಶೇ. 5ರಷ್ಟು ಇಳಿಕೆಯೂ ಆರೋಗ್ಯಕ್ಕೆ ಹಿತಕರ. ಉದಾಹರಣೆಗೆ, 80 ಕಿಲೋ ತೂಕದವರಿಗೆ ಇದು 4 ಕಿಲೋ ಆಗುತ್ತದೆ. ತೂಕ ಇಳಿಯದಿದ್ದರೂ ನಿತ್ಯದ ನಡಿಗೆಯಿಂದ ರಕ್ತದೊತ್ತಡ ಸುಧಾರಿಸಬಹುದು. ಆದುದರಿಂದ ತಕ್ಕಡಿಯ ಅಂಕಿಯೊಂದನ್ನೇ ನೋಡಿ ಗುಂಪನ್ನು ತೊರೆಯಬಾರದು.

6. ಎಚ್ಚರಿಕೆ

ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿರುವವರು ಆಹಾರ ಕ್ರಮವನ್ನು ಬದಲಿಸುವ ಮುನ್ನ ವೈದ್ಯರನ್ನು ಸಂಪರ್ಕಿಸತಕ್ಕದ್ದು. ಗುಂಪಿನ ಬೆಂಬಲವು ವೈದ್ಯಕೀಯ ತಪಾಸಣೆಗೆ ಪರ್ಯಾಯವಲ್ಲ. ತಪಾಸಣೆಗೆ ಹೋಗಲು ಧೈರ್ಯ ನೀಡುವ ಸಾಧನವಾಗಿರುತ್ತದೆ.