ಪ್ರೋಗ್ರಾಂ ಓಡುತ್ತಿರುವಾಗಲೇ ಫಂಕ್ಷನ್ ಬದಲಿಸುವುದು

ಪ್ರೋಗ್ರಾಮಿನಲ್ಲಿ ಫಂಕ್ಷನ್‌ಗೊಂದು ಹೆಸರಿರುತ್ತದೆ, ಆ ಹೆಸರಿನ ಹಿಂದೆ ಕೋಡ್ ಇರುತ್ತದೆ. ಸಿ ಭಾಷೆಯಲ್ಲಿ ಸಾಮಾನ್ಯವಾಗಿ ಇವೆರಡರ ನಂಟು ಪ್ರೋಗ್ರಾಂ ಓಡುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಲಿಸ್ಪ್, ಪೈಥಾನ್, ರೂಬಿ, ಜಾವಾಸ್ಕ್ರಿಪ್ಟ್‌ಗಳಲ್ಲಿ ಹಾಗಲ್ಲ. ಫಂಕ್ಷನ್ ಕರೆದಾಗ ಆ ಹೆಸರಿನಲ್ಲಿ ಆ ಕ್ಷಣಕ್ಕೆ ಯಾವ ಕೋಡ್ ಇದೆಯೋ ಅದು ಓಡುತ್ತದೆ. ಆದ್ದರಿಂದ ನಡುವೆ ಯಾರಾದರೂ ಅದೇ ಹೆಸರಿಗೆ ಬೇರೆ ಕೋಡ್ ಕೂರಿಸಿದರೆ, ಆ ಹೆಸರಿನಿಂದ ಕರೆಯುವವರೆಲ್ಲರಿಗೂ ಹೊಸ ವರ್ತನೆಯೇ ಸಿಗುತ್ತದೆ. ಕರೆಯುವ ಕಡೆ ಒಂದು ಅಕ್ಷರವನ್ನೂ ತಿದ್ದಬೇಕಿಲ್ಲ.

ಹಳೆಯ ಕೋಡನ್ನು ಕಿತ್ತುಹಾಕದೆ ಅದರ ಸುತ್ತ ಹೊಸದನ್ನು ಸೇರಿಸುವುದು ಇದಕ್ಕಿಂತ ಹದವಾದ ದಾರಿ. ಈ ವಿಚಾರವನ್ನು ವಾರನ್ ಟೈಟಲ್‌ಮನ್ 1966ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಮಂಡಿಸಿದರು. ಅವರು ಇದನ್ನು ‘ಅಡ್ವೈಸ್’ ಎಂದು ಕರೆದರು. ಪ್ರೋಗ್ರಾಂ ಬರೆಯುವವರು ಒಂದೇ ಸಲಕ್ಕೆ ಎಲ್ಲವನ್ನೂ ಸರಿಯಾಗಿ ಯೋಚಿಸಿರುವುದಿಲ್ಲ, ಓಡಿಸಿ ನೋಡುತ್ತಾ ತಿದ್ದುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇಂದು ಇದು ಅತ್ಯಂತ ಸ್ಪಷ್ಟವಾಗಿ ಕಾಣಸಿಗುವುದು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ. ಅದರ ಬಹುಪಾಲು ಲಿಸ್ಪ್‌ನಲ್ಲಿದೆ, ಎಡಿಟರ್ ತೆರೆದಿರುವಾಗಲೇ ಅದರ ಫಂಕ್ಷನ್‌ಗಳನ್ನು ಬದಲಿಸಬಹುದು. ಫೈಲ್ ತೆರೆಯುವ ಕಮಾಂಡನ್ನೇ ನೋಡಿ. ಇಲ್ಲದ ಫೋಲ್ಡರ್‌ನಲ್ಲಿ ಹೊಸ ಫೈಲ್ ತೆರೆದರೆ ಈಮ್ಯಾಕ್ಸ್ ತಾನಾಗಿ ಫೋಲ್ಡರ್ ಸೃಷ್ಟಿಸುವುದಿಲ್ಲ. ಹಾಗಾಗಬೇಕೆಂದರೆ, ಫೈಲಿನ ಹೆಸರು ಪಡೆದು ಫೋಲ್ಡರ್ ಇದೆಯೇ ನೋಡಿ, ಇಲ್ಲದಿದ್ದರೆ ಮಾಡುವ ಮೂರು ನಾಲ್ಕು ಸಾಲಿನ ಫಂಕ್ಷನ್ ಬರೆದು, ಆ ಕಮಾಂಡಿಗೆ ‘ಮೊದಲು ಓಡುವ’ ಅಡ್ವೈಸ್ ಆಗಿ ಸೇರಿಸಿದರಾಯಿತು. ಮೂಲ ಕಮಾಂಡ್ ಇದ್ದಂತೆಯೇ ಇರುತ್ತದೆ, ಅದಕ್ಕೆ ಮುಂಚೆ ಈ ಕೆಲಸ ನಡೆಯುತ್ತದೆ. ನಂತರ ಓಡುವ ಅಡ್ವೈಸ್ ಕೂಡ ಇದೆ, ಸುತ್ತುವರಿಯುವ ಬಗೆಯೂ ಇದೆ. ಸುತ್ತುವರಿಯುವ ಅಡ್ವೈಸ್‌ನ ಕೈಗೆ ಮೂಲ ಫಂಕ್ಷನ್ನೇ ಸಿಗುತ್ತದೆ. ಅದನ್ನು ಕರೆಯಬೇಕೋ ಬೇಡವೋ, ಯಾವ ಮೌಲ್ಯಗಳೊಂದಿಗೆ ಕರೆಯಬೇಕು ಎಂಬುದನ್ನು ಅಡ್ವೈಸೇ ತೀರ್ಮಾನಿಸುತ್ತದೆ.

ಬೇಡವೆನಿಸಿದಾಗ ಅಡ್ವೈಸನ್ನು ತೆಗೆದುಹಾಕಬಹುದು. ಫಂಕ್ಷನ್‌ನ ವಿವರಣೆ ತೆರೆದರೆ ಅದಕ್ಕೆ ಅಡ್ವೈಸ್ ಇದೆಯೆಂಬುದೂ ಅಲ್ಲೇ ಕಾಣುತ್ತದೆ. ನೇರವಾಗಿ ಕೋಡ್ ಬದಲಿಸಿದರೆ ಈ ಗುರುತು ಉಳಿಯದು, ಅದಕ್ಕೇ ಅಡ್ವೈಸ್ ಮೇಲು. ಆದರೆ ಇದಕ್ಕೂ ಮಿತಿಯಿದೆ: ಈಮ್ಯಾಕ್ಸ್‌ನ ಸಿ ಭಾಗವು ತನ್ನದೇ ಫಂಕ್ಷನ್ನನ್ನು ನೇರವಾಗಿ ಕರೆದಾಗ ಅಡ್ವೈಸ್ ಓಡುವುದಿಲ್ಲ. ಬೇರೆ ದಾರಿಯಿದ್ದರೆ ಅಡ್ವೈಸ್ ಬೇಡವೆಂದೂ, ಈಮ್ಯಾಕ್ಸ್‌ನ ಸ್ವಂತ ಕೋಡ್‌ನಲ್ಲಿ ಅದನ್ನು ಬಳಸಬಾರದೆಂದೂ ಕೈಪಿಡಿಯೇ ಹೇಳುತ್ತದೆ. ಆ ಮಾತು ಸರಿಯಾದದ್ದು. ಮೂಲ ಫಂಕ್ಷನ್ನಿನ ಕೋಡ್ ಓದಿದವರಿಗೆ ಅದರ ನಡತೆ ಪೂರ್ತಿ ತಿಳಿಯದೆ ಹೋಗುತ್ತದೆ, ದೋಷ ಹುಡುಕುವವರು ತಪ್ಪು ಜಾಗದಲ್ಲಿ ತಡಕಾಡುತ್ತಾರೆ.

ತಮ್ಮ ಎಡಿಟರ್‌ನೊಳಗೆ ಒಬ್ಬರು ಮಾಡಿಕೊಂಡ ಬದಲಾವಣೆ ಅವರಿಗಷ್ಟೇ ತಟ್ಟುತ್ತದೆ. ಹಲವರು ಬಳಸುವ ಲೈಬ್ರರಿಯೊಂದು ಭಾಷೆಯ ಮೂಲ ವಸ್ತುಗಳಿಗೇ ಕೈಹಾಕಿದರೆ ಪರಿಣಾಮ ವರ್ಷಗಟ್ಟಲೆ ಉಳಿಯುತ್ತದೆ. ಮೂಟೂಲ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಅರೇಗಳಿಗೆಲ್ಲ ‘ಫ್ಲ್ಯಾಟನ್’ ಎಂಬ ತನ್ನದೇ ಫಂಕ್ಷನ್ ಅಂಟಿಸುತ್ತಿತ್ತು. ಮುಂದೆ ಅದೇ ಹೆಸರಿನ ಫಂಕ್ಷನ್ ಭಾಷೆಗೇ ಸೇರಿಸುವ ಪ್ರಸ್ತಾಪ ಬಂತು. 2018ರಲ್ಲಿ ಫೈರ್‌ಫಾಕ್ಸ್‌ನ ಪರೀಕ್ಷಾ ಆವೃತ್ತಿ ಅದನ್ನು ಅಳವಡಿಸಿದಾಗ, ಹಳೆಯ ಮೂಟೂಲ್ಸ್ ಬಳಸುತ್ತಿದ್ದ ಜಾಲತಾಣವೊಂದು ಕೆಟ್ಟಿತು. ಹಳೆಯ ತಾಣಗಳನ್ನು ಕೆಡಿಸುವಂತಿಲ್ಲವಾದ್ದರಿಂದ ಭಾಷೆಯ ಸಮಿತಿಯೇ ಬಗ್ಗಿತು. ‘ಫ್ಲ್ಯಾಟನ್’ ಬಿಟ್ಟು ‘ಫ್ಲ್ಯಾಟ್’ ಎಂಬ ಹೆಸರು ಆರಿಸಲಾಯಿತು, 2019ರ ಜಾವಾಸ್ಕ್ರಿಪ್ಟ್ ಮಾನದಂಡದಲ್ಲಿ ಇರುವುದು ಅದೇ.