ಗುಜರಿಯ ತಕ್ಕಡಿಗೆ ಏರುವ ಮುನ್ನ: ಹಳೆಯ ಎಂಜಿನ್ನುಗಳೂ ಅವುಗಳ ದಾಖಲೆಯೂ

ಶೇಂಗಾ ಎಣ್ಣೆಯ ವಹಿವಾಟಿನಿಂದ ‘ಎಣ್ಣೆ ನಗರ’ವೆಂದು ಹೆಸರಾದ ಚಳ್ಳಕೆರೆಯಲ್ಲಿ ಮಿಲ್ಲುಗಳು ಕಂಡ ಏಳುಬೀಳು ವರ್ತಕ ಬಾಂಧವರಿಗೆ ತಿಳಿಯದ ಸಂಗತಿಯೇನಲ್ಲ. ಪದೇ ಪದೇ ಕೈಕೊಟ್ಟ ಮಳೆ ಒಂದು ಕಡೆ; 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾದ ನಂತರದ ಬೆಲೆ ಪೈಪೋಟಿ ಇನ್ನೊಂದು ಕಡೆ. ಇವೆರಡರ ನಡುವೆ ಸಿಲುಕಿದ ಅನೇಕ ಮಿಲ್ಲುಗಳು ಬಾಗಿಲು ಹಾಕಿದವು. ಮಿಲ್ಲು ಮುಚ್ಚಿದಾಗ ನಿವೇಶನಕ್ಕೆ ಗಿರಾಕಿ ಸಿಗುತ್ತಾರೆ, ಎಕ್ಸ್‌ಪೆಲ್ಲರಿಗೂ ಸಿಗುತ್ತಾರೆ. ಹಿಂದಿನ ಶೆಡ್ಡಿನಲ್ಲಿ ಉಳಿದ ಹಳೆಯ ಆಯಿಲ್ ಎಂಜಿನ್ನಿಗೆ ಮಾತ್ರ ಗುಜರಿಯವರೇ ಗಿರಾಕಿ, ಕಬ್ಬಿಣದ ತೂಕವೇ ಬೆಲೆ. ಮೊಳಕಾಲ್ಮುರು ಸೀಮೆಯ ತೋಟದ ಬಾವಿಗಳ ಬಳಿ ವಿದ್ಯುತ್ತು ಬಂದ ಮೇಲೆ ಮೂಲೆಗುಂಪಾದ ಪಂಪಿನ ಎಂಜಿನ್ನುಗಳ ಗತಿಯೂ ಇದಕ್ಕಿಂತ ಭಿನ್ನವಲ್ಲ.

ಈ ಯಂತ್ರಗಳ ವಂಶಾವಳಿಯನ್ನು ನೋಡಿದರೆ ಅವು ದೋಣಿ ಹಾಗೂ ಹಡಗುಗಳ ಎಂಜಿನ್ನುಗಳ ದಾಯಾದಿಗಳೆಂಬುದು ತಿಳಿಯುತ್ತದೆ. ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪೇಟೆಂಟ್ ಪಡೆದ ಆಯಿಲ್ ಎಂಜಿನ್ನನ್ನು ಇಂಗ್ಲೆಂಡಿನ ಗ್ರಾಂಥಮ್ ಪಟ್ಟಣದ ಹಾರ್ನ್ಸ್‌ಬಿ ಸಂಸ್ಥೆ 1892ರಿಂದ ಮಾರಾಟಕ್ಕೆ ತಂದಿತು. ಅದೇ ಸಂಸ್ಥೆ 1918ರಲ್ಲಿ ರಸ್ಟನ್ ಅಂಡ್ ಹಾರ್ನ್ಸ್‌ಬಿ ಆಯಿತು. ಸಿಲಿಂಡರಿನ ತಲೆಯ ಬುರುಡೆಯನ್ನು ಮೊದಲು ಬೆಂಕಿಯಲ್ಲಿ ಕಾಯಿಸಿ ಚಾಲೂ ಮಾಡುವ ಈ ಬಗೆಯ ಎಂಜಿನ್ನು ಹಿಟ್ಟಿನ ಗಿರಣಿಯಲ್ಲೂ ಮೀನು ಹಿಡಿಯುವ ದೋಣಿಯಲ್ಲೂ ಸಮಾನವಾಗಿ ದುಡಿಯಿತು. ಡರ್ಸ್ಲಿಯ ಲಿಸ್ಟರ್ ಕಂಪನಿ 1929ರಲ್ಲಿ ಹೊರತಂದ ನಿಧಾನಗತಿಯ ಡೀಸೆಲ್ ಎಂಜಿನ್ನಿನ ನಮೂನೆಯನ್ನು ರಾಜಕೋಟೆಯ ಸಣ್ಣ ಕಾರ್ಖಾನೆಗಳು ಅನುಸರಿಸಿದವು. ಮೂಲ ಕಂಪನಿ 1987ರಲ್ಲಿ ಅದರ ತಯಾರಿಕೆ ನಿಲ್ಲಿಸಿದರೂ ಅವು ನಿಲ್ಲಿಸಲಿಲ್ಲ. ಇದಲ್ಲದೆ ಗುಜರಾತಿನ ಅಲಂಗ್ ಕಡಲತೀರದಲ್ಲಿ ಒಡೆದ ಹಡಗುಗಳ ಜನರೇಟರು ಎಂಜಿನ್ನುಗಳೂ ಒಳನಾಡಿನ ಕಾರ್ಖಾನೆಗಳಿಗೆ ಮಾರಾಟವಾಗಿವೆ. ಹೀಗಾಗಿ ಸಮುದ್ರದಿಂದ ದೂರವಿರುವ ಊರಿನಲ್ಲಿ ಸಮುದ್ರದ ಯಂತ್ರವೊಂದು ಕಂಡುಬಂದರೆ ಅಚ್ಚರಿಪಡಬೇಕಿಲ್ಲ.

ಯಂತ್ರವನ್ನು ಗುರುತಿಸುವ ಕೆಲಸ ಹೆಸರಿನ ಫಲಕದಿಂದ ಆರಂಭವಾಗುತ್ತದೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಅಶ್ವಶಕ್ತಿ, ನಿಮಿಷಕ್ಕೆ ಸುತ್ತುಗಳು ಇವಿಷ್ಟು ಅಲ್ಲಿರುತ್ತವೆ. ಇವುಗಳಲ್ಲಿ ಕ್ರಮಸಂಖ್ಯೆಯೇ ಪ್ರಧಾನ. ತಯಾರಕರ ಹಳೆಯ ಪುಸ್ತಕಗಳಲ್ಲಿ ಎಂಜಿನ್ನು ಹೊರಬಿದ್ದ ವರ್ಷವನ್ನು ಹುಡುಕಲು ಅದೊಂದೇ ಕೀಲಿಕೈ. ಲಿಸ್ಟರ್ ಸಂಸ್ಥೆಯ ಕಾಗದಪತ್ರಗಳು ಗ್ಲೌಸ್ಟರ್‌ಷೈರ್ ಪತ್ರಾಗಾರದಲ್ಲಿವೆ. ಚೆಷೈರಿನ ಪಾಯಿಂಟನ್‌ನಲ್ಲಿರುವ ಆನ್ಸನ್ ಎಂಜಿನ್ ವಸ್ತುಸಂಗ್ರಹಾಲಯ ಇಂಥ ಯಂತ್ರಗಳಿಗೇ ಮೀಸಲಾಗಿದೆ. ಆದರೆ ಫಲಕ ಹಿತ್ತಾಳೆಯದು, ಹಿತ್ತಾಳೆಗೆ ಬೆಲೆಯುಂಟು. ಎಲ್ಲಕ್ಕಿಂತ ಮೊದಲು ಕಾಣೆಯಾಗುವುದು ಅದೇ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬಂಡೆಯ ಮೇಲೆಯೇ ಬಿಟ್ಟುಹೋದ, 1892ರಲ್ಲಿ ಬಿ.ಎಲ್. ರೈಸ್ ಆ ಶಾಸನಗಳನ್ನು ಬೆಳಕಿಗೆ ತಂದಾಗ ಅದು ಅಳಿದಿರಲಿಲ್ಲ. ಎಂಜಿನ್ನಿನ ಹೆಸರು ನಾಲ್ಕು ತಿರುಪುಗಳ ಮೇಲೆ ನಿಂತಿರುತ್ತದೆ.

ಫಲಕ ಹೋಗಿದ್ದರೆ ನಿರಾಶರಾಗಬೇಕಿಲ್ಲ. ಕ್ರ್ಯಾಂಕ್ ಶಾಫ್ಟಿನ ತುದಿ, ಫ್ಲೈವೀಲಿನ ಅಂಚು, ಸಿಲಿಂಡರ್ ಹೆಡ್ಡು ಇವುಗಳ ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿದರೆ ಒತ್ತಿದ ಅಂಕಿಗಳು ಸಿಗುವ ಸಂಭವವುಂಟು. ಉಪ್ಪುಕಾಗದ ಹಾಕಿ ಉಜ್ಜುವುದು ಮಾತ್ರ ಕೂಡದು. ಹಡಗಿನಿಂದ ಬಂದ ಎಂಜಿನ್ನಾದರೆ ತಪಾಸಣೆ ಮಾಡಿದ ವರ್ಗೀಕರಣ ಸಂಸ್ಥೆಯ ಮುದ್ರೆಯೂ ಇರಬಹುದು. ಲಾಯ್ಡ್ಸ್ ರಿಜಿಸ್ಟರಿನದಾದರೆ ‘ಎಲ್.ಆರ್.’ ಎಂಬ ಅಕ್ಷರಗಳು. ಹಡಗಿನ ಹೆಸರು ಗೊತ್ತಾದಲ್ಲಿ ಲಾಯ್ಡ್ಸ್ ರಿಜಿಸ್ಟರ್ ಪ್ರತಿಷ್ಠಾನ ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿರುವ ಹಳೆಯ ಹಡಗುಗಳ ನಕ್ಷೆ ಹಾಗೂ ತಪಾಸಣಾ ವರದಿಗಳಲ್ಲಿ ಹುಡುಕಿ ನೋಡಬಹುದು.

ಇನ್ನು ಕಾಣೆಯಾದ ಭಾಗಗಳ ವಿಚಾರ. ಎಣ್ಣೆ ತೊಟ್ಟಿಕ್ಕಿಸುವ ಲೂಬ್ರಿಕೇಟರು, ಇಂಧನದ ನಳಿಕೆಗಳು, ಗವರ್ನರಿನ ಸಣ್ಣ ಸನ್ನೆಗಳು, ಇಂಜೆಕ್ಟರು ಇವು ಸಾಮಾನ್ಯವಾಗಿ ಇರುವುದಿಲ್ಲ. ಮಾಲೀಕರು ಆತುರದಿಂದ ಎಂಜಿನ್ನನ್ನು ಬಿಚ್ಚಿಸಿ, ಚೀಲಕ್ಕೆ ತುಂಬಿ, ಆಮೇಲೆ ಯಾವುದು ಎಲ್ಲಿನದೆಂದು ಪೇಚಾಡುವುದುಂಟು. 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಪ್ರತಿಯೊಂದು ವಸ್ತುವೂ ಯಾವ ಪದರದ್ದೆಂದು ಬರೆದುಕೊಳ್ಳದೆ ಮುಂದುವರಿಯದ ಶಿಸ್ತು ಪಾಲಿಸಿದರು. ಎಂಜಿನ್ ಶೆಡ್ಡಿಗೂ ಅದೇ ಶಿಸ್ತು ಸಾಕು. ನಾಲ್ಕೂ ಕಡೆಯಿಂದ ಛಾಯಾಚಿತ್ರ, ಪಕ್ಕದಲ್ಲೊಂದು ಅಳತೆಪಟ್ಟಿ, ಖಾಲಿ ಉಳಿದ ಪ್ರತಿಯೊಂದು ತೂತು ಮತ್ತು ಬೋಲ್ಟಿನ ಅಳತೆ. ಇಲ್ಲದ ಭಾಗದ ಆಕಾರವನ್ನು ಅದು ಕೂರುತ್ತಿದ್ದ ಜಾಗವೇ ಹೇಳುತ್ತದೆ.

ಇಲ್ಲಿ ಅನೇಕರು ಎಡವುವ ಸಂಗತಿಯೊಂದಿದೆ. ಹಳೆಯ ಇಂಗ್ಲಿಷ್ ಯಂತ್ರಗಳ ತಿರುಪುಗಳು ವಿಟ್ವರ್ತ್ ಅಳತೆಯವು. ಅವುಗಳ ಹಲ್ಲಿನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ತಿರುಪಿನದು 60 ಡಿಗ್ರಿ. ಅರ್ಧ ಅಂಗುಲದ ವಿಟ್ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಹಲ್ಲು. ಹತ್ತಿರದ ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಎರಡು ಸುತ್ತು ಹೋದೀತು, ಮೂಲ ಎರಕದ ಹಲ್ಲು ಮಾತ್ರ ಶಾಶ್ವತವಾಗಿ ಹಾಳಾದೀತು. ಸನ್ನೆ, ಬುಷ್ಷು, ಪೈಪುಗಳನ್ನು ಪಳಗಿದ ಟರ್ನರು ಲೇತಿನ ಮೇಲೆ ಮಾಡಿಕೊಡಬಲ್ಲರು. ಇಂಧನ ಪಂಪಿನ ಒಳಭಾಗ ಹಾಗಲ್ಲ. ಅದರ ಕೊಳವೆಗೂ ದಂಡಕ್ಕೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ಪಂಪು ಬಾಷ್ ಮಾದರಿಯದಾಗಿದ್ದರೆ ಅದರ ಮೇಲೆ ಒತ್ತಿರುವ ಸಂಖ್ಯೆಯನ್ನು ಬರೆದುಕೊಂಡು ವಿಚಾರಿಸುವುದು ಲೇಸು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೊ ಸಂಸ್ಥೆ ಅಂಥ ಪಂಪುಗಳನ್ನೇ ತಯಾರಿಸಿತು.

ಯಂತ್ರದ ಇತಿಹಾಸಕ್ಕೆ ಅತ್ಯುತ್ತಮ ಆಕರವೆಂದರೆ ಮಿಲ್ಲಿನದೇ ಕಿರ್ದಿ ಮತ್ತು ಖಾತೆ ಪುಸ್ತಕ. ಎಂಜಿನ್ನು ಯಾರಿಂದ ಬಂತು, ಎಷ್ಟಕ್ಕೆ ಬಂತು, ರೈಲ್ವೆ ಬಾಡಿಗೆ ಎಷ್ಟು, ಯಾವ ವರ್ಷ ಯಾವ ಭಾಗ ಬದಲಾಯಿತು, ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಆದರೆ ಕಂಪನಿಗಳು ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಕಾಪಾಡಿದರೆ ಸಾಕೆಂದು ಕಾನೂನು ಹೇಳುತ್ತದೆ. ಅವಧಿ ಮುಗಿದವನ್ನು ವಿಲೇವಾರಿ ಮಾಡಿರೆಂದು ಲೆಕ್ಕಪರಿಶೋಧಕರೂ ಸಲಹೆ ಕೊಡುತ್ತಾರೆ. ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಎಂಜಿನ್ನಿಗೆ ಸಂಬಂಧಿಸಿದ ಪುಟಗಳ ಛಾಯಾಪ್ರತಿಯನ್ನಾದರೂ ಮೊದಲೇ ತೆಗೆದಿಡುವುದು ಕಷ್ಟವೇನಲ್ಲ.

ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರಗಳನ್ನು ಒಂದೇ ಗುಂಪಾಗಿ ಎಣಿಸುವ ಪದ್ಧತಿ 1988-89ರ ಕರನಿರ್ಧಾರಣೆ ವರ್ಷದಿಂದ ಬಂದದ್ದು. ಅದರಲ್ಲಿ ಒಂಟಿ ಎಂಜಿನ್ನಿನ ಬೆಲೆ ಗುರುತಿಗೇ ಸಿಗದಂತೆ ಕರಗಿಹೋಗಿರುತ್ತದೆ. ಪುಸ್ತಕದಲ್ಲಿ ಬೆಲೆ ಕಾಣದ ವಸ್ತುವಿಗೆ ಬೆಲೆಯೇ ಇಲ್ಲವೆಂದು ಮಾಲೀಕರು ಭಾವಿಸುವುದು ಸಹಜ. ಸಂಗ್ರಾಹಕರ ಲೆಕ್ಕ ಬೇರೆ: ವರ್ಷ, ಮಾದರಿ, ಮೂಲ ಭಾಗಗಳೆಷ್ಟು ಎಂಬುದು ಕಾಗದದಲ್ಲಿ ಸಾಬೀತಾಗಿದ್ದರೆ ಅವರು ಕಿಲೋ ದರದಲ್ಲಿ ಮಾತನಾಡುವುದಿಲ್ಲ.

ವಿದೇಶದ ಗಿರಾಕಿ ಬಂದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯಿದೆಯಂತೆ, ಗತಕಾಲದ ವಿಜ್ಞಾನ ಅಥವಾ ಕುಶಲಕಲೆಗೆ ನಿದರ್ಶನವಾದ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ಪ್ರಾಚ್ಯವಸ್ತುವೆನಿಸಬಹುದು. ಪ್ರಾಚ್ಯವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. 1920ರ ಎಂಜಿನ್ನಿಗೂ 1935ರ ಎಂಜಿನ್ನಿಗೂ ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲದಿರಬಹುದು, ಕಾನೂನಿನ ದೃಷ್ಟಿಯಲ್ಲಿ ಉಂಟು. ಸಂದೇಹವಿದ್ದಲ್ಲಿ ಮುಂಗಡ ಪಡೆಯುವ ಮೊದಲೇ ವಸ್ತು ಪ್ರಾಚ್ಯವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಅರ್ಜಿ ಸಲ್ಲಿಸುವುದು ಕ್ಷೇಮ.

ಹೊಸದಾಗಿ ಮಾಡಿಸಿದ ಭಾಗವನ್ನು ಮೂಲದ್ದೆಂದು ಹೇಳಿ ಮಾರುವುದು ವಂಚನೆಯೇ ಸರಿ. ಮಾಡಿಸಿದ ವರ್ಷವನ್ನು ಆ ಭಾಗದ ಒಳಮೈಯಲ್ಲಿ ಅಚ್ಚೊತ್ತಿಸಿ, ಟರ್ನರು ಕೊಟ್ಟ ಬಿಲ್ಲನ್ನು ಕಡತದಲ್ಲಿ ಸೇರಿಸಿಟ್ಟರೆ ಮುಂದೆ ಕೊಳ್ಳುವವರಿಗೆ ಗೊಂದಲವಿರದು. ನಾಲ್ಕು ಅಂಕಿ ಒತ್ತಲು ಯಾವ ಟರ್ನರೂ ಬೇರೆ ಕೂಲಿ ಕೇಳಲಾರರು.